ಎತ್ತು ಬೇಡ, ಎಮ್ಮೆ ಬೇಕು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತಿದ್ದ ಮಾತು 'ಎತ್ತು'. ಅದರಲ್ಲಿ ಅರ್ಧ ಹೊಲ ಹೂಡುವ ಎತ್ತುಗಳ ಸಮಾಚಾರ, ಉಳಿದರ್ಧ ನನ್ನದು. "ಎತ್ತು ನೀರು ಕುಡಿತೇನು?" ಅಂದರೆ ಕೊಟ್ಟಿಗೆ ಕಡೆ ನೋಡಬೇಕು. "ಆಕೀನ ಎತ್ತು" ಅಂದರೆ ನನ್ನ ಕಡೆ. ಎರಡು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ನನ್ನ ಎರಡೂ ಕಾಲಿನ ಬಲವನ್ನು ಜೊತೆಗೆ ಒಯ್ದಿತ್ತು. ಅದಕ್ಕೆ ಪೋಲಿಯೊ ಅನ್ನುತ್ತಾರೆ ಎಂಬುದು ನಮ್ಮ ಗಬ್ಬೂರಿಗೆ ಬಹಳ ತಡವಾಗಿ ತಿಳಿಯಿತು. ಅಲ್ಲಿಯವರೆಗೆ ಅದಕ್ಕೆ ಹಣೆಬರಹ ಎಂಬ ಒಂದೇ ಹೆಸರು ಸಾಕಾಗಿತ್ತು.

ಆ ಮನೆಗೆ ಎರಡು ಬಾಗಿಲು. ಜನರ ಬಾಗಿಲಿಗೆ ಮೂರು ಮೆಟ್ಟಿಲು, ಅದರ ಮೇಲೆ ಗೇಣೆತ್ತರದ ಹೊಸ್ತಿಲು. ಪಕ್ಕದಲ್ಲಿದ್ದ ದನದ ಬಾಗಿಲಿಗೆ ಮೆಟ್ಟಿಲೂ ಇಲ್ಲ, ಹೊಸ್ತಿಲೂ ಇಲ್ಲ. ಬೀದಿಯಿಂದ ಕೊಟ್ಟಿಗೆಯವರೆಗೆ ಹಾಸುಗಲ್ಲಿನ ಇಳಿಜಾರು, ಮಳೆಗಾಲದಲ್ಲಿ ಗೊರಸು ಜಾರದಂತೆ ಅದರ ಮೇಲೆ ಉಳಿಯಿಂದ ಗೀರು ಬೇರೆ ಹಾಕಿದ್ದರು. ಮುತ್ತಜ್ಜನ ಕಾಲದಲ್ಲೇ ಎತ್ತಿನ ಸೌಕರ್ಯಕ್ಕೆ ಇಷ್ಟೆಲ್ಲ ಯೋಚನೆಯಾಗಿತ್ತು. ನನಗಂತೂ ಆ ಬಾಗಿಲು ನನಗೋಸ್ಕರವೇ ಮಾಡಿಸಿದಂತೆ ಕಾಣುತ್ತಿತ್ತು. ಕೈಯೂರಿ ತೆವಳುತ್ತ ಒಳಗೂ ಹೊರಗೂ ಓಡಾಡುತ್ತಿದ್ದೆ.

ಅಜ್ಜಿಗೆ ಇದು ಸರಿಬರಲಿಲ್ಲ. "ಮನಿ ಹೆಣ್ಮಗಳು ದನದ ಬಾಗಿಲಾಗ ಬಂದ್ರ ಲಕ್ಷ್ಮಿ ಯಾವ ಬಾಗಿಲಾಗ ಬರಬೇಕು?" ಅಂದಳು. ಸರಿ ಎಂದು ಜನರ ಬಾಗಿಲಿಗೆ ಹೋದೆ. ಕಾಲಲ್ಲಿ ಬಲವಿಲ್ಲದವಳು ಹೊಸ್ತಿಲು ದಾಟಬೇಕಾದರೆ ಮೊದಲು ಅದರ ಮೇಲೆ ಕೂರಬೇಕು, ಆಮೇಲೆ ಆಚೆ ಇಳಿಯಬೇಕು. ಕೂತೆ. ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರವಂತೆ. ಒಂದು ಬಾಗಿಲಲ್ಲಿ ಹೋದರೆ ಲಕ್ಷ್ಮಿ ಬರುವುದಿಲ್ಲ, ಇನ್ನೊಂದರಲ್ಲಿ ಹೋದರೆ ಬಂದ ಲಕ್ಷ್ಮಿಯೂ ಹೋಗುತ್ತಾಳೆ. ಹೀಗಾಗಿ ನನ್ನನ್ನು ಎತ್ತಿ ದಾಟಿಸುವುದೆಂದು ತೀರ್ಮಾನವಾಯಿತು. ಲಕ್ಷ್ಮಿ ಬಂದದ್ದನ್ನು ನಾನಂತೂ ಕಾಣಲಿಲ್ಲ, ಎತ್ತುವುದು ಮಾತ್ರ ಕಾಯಂ ಆಯಿತು.

ಅಪ್ಪ ಎತ್ತುತ್ತಿದ್ದ. ಅವನ ಹೆಗಲ ಮೇಲೆ ಕೂತು ಸಾಲಿಗೆ ಹೋದೆ, ಬಸ್ಸು ಹತ್ತಿದೆ, ಎಸ್ಸೆಸ್ಸೆಲ್ಸಿ ಮುಗಿಸಿದೆ. ಕಾಲು ನಡೆಯುವುದಿಲ್ಲ ಎಂಬ ಸರ್ಟಿಫಿಕೇಟು ಬೇಕು ಅಂದಾಗ ದೇವದುರ್ಗಕ್ಕೆ ಹೋದೆವು. ಅದನ್ನು ಕೊಡುವ ಡಾಕ್ಟರು ಮಾಳಿಗೆ ಮೇಲೆ ಕೂತಿದ್ದರು. ಅಪ್ಪ ಏದುಸಿರು ಬಿಡುತ್ತ ನನ್ನನ್ನು ಹೊತ್ತು ಹತ್ತಿ ಬೆಂಚಿನ ಮೇಲೆ ಇಳಿಸಿದ. ಡಾಕ್ಟರು ತಲೆ ಎತ್ತಿ, "ಮ್ಯಾಲ ಹತ್ತಿ ಬಂದೀರಲ್ಲ, ಮತ್ತೇನು ತೊಂದ್ರಿ?" ಎಂದು ಕೇಳಿದರು. ಅಪ್ಪ ಬೆವರು ಒರೆಸಿಕೊಳ್ಳುತ್ತ, "ಹತ್ತಿದಾಂವ ನಾನ್ರಿ. ಸರ್ಟಿಫಿಕೇಟ ನನಗೇ ಕೊಟ್ರೂ ನಡಿತೈತಿ" ಅಂದ.

ಸಣ್ಣವಳಿದ್ದಾಗ ಹೆಗಲ ಮೇಲೆ ಕೂರುವುದು ಸುಖ. ದೊಡ್ಡವಳಾದ ಮೇಲೆ ಅದೇ ಶಿಕ್ಷೆ. ಅಪ್ಪ ಹೊಲಕ್ಕೆ ಹೋದಾಗ ಯಾರು ಕೈಗೆ ಸಿಕ್ಕರೋ ಅವರೇ ಎತ್ತುವವರು. ಓಣಿಯ ಗಂಡಸರು ಬಹಳ ಧರ್ಮವಂತರು. ಕರೆಯದಿದ್ದರೂ ಎತ್ತಲು ಬರುತ್ತಿದ್ದರು. ಎತ್ತುವ ನೆವದಲ್ಲಿ ಅವರ ಕೈ ಎಲ್ಲೆಲ್ಲಿ ಹೋಗುತ್ತಿತ್ತು ಎಂಬುದು ನನಗೆ ಗೊತ್ತು, ಅವರಿಗೂ ಗೊತ್ತು. ಇಳಿಸಿದ ಮೇಲೆ 'ಪುಣ್ಯ ಬಂತು' ಎನ್ನುವ ಮುಖ ಮಾಡಿಕೊಂಡು ಹೋಗುತ್ತಿದ್ದರು. ಆ ಪುಣ್ಯವಂತರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬಯಲಿಗೆ ಹೋಗಬೇಕಾದೀತು, ಯಾರನ್ನಾದರೂ ಕರೆಯಬೇಕಾದೀತು ಎಂದು ಬೇಸಿಗೆಯಲ್ಲೂ ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆ ಏನೆಂಬುದು ಬಲ್ಲವರಿಗೆ ಇದರ ಅರ್ಥ ಆಗುತ್ತದೆ. ಜನ ದೇವರ ಹತ್ತಿರ ಏನೇನೋ ಬೇಡುತ್ತಾರೆ. ನನಗೆ ಬೇಕಾಗಿದ್ದುದು ಒಂದೇ: ಯಾರೂ ಎತ್ತದೆ ನಾನೇ ಒಳಗೆ ಹೋಗಿ ನಾನೇ ಹೊರಗೆ ಬರುವಂಥ ಒಂದು ಮನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮಾನ್ವಿಯಲ್ಲಿದ್ದ ಸಣ್ಣವ್ವನ ಮನೆಗೆ ಬಂದೆ. ಅವ್ವನ ತಂಗಿ, ಗಂಡ ಇಲ್ಲದವಳು, ಬಾಡಿಗೆಯ ಒಂದು ಕೋಣೆಯಲ್ಲಿದ್ದಳು. ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದೆ. ಅಲ್ಲಿ ನಮ್ಮಂಥವರದೊಂದು ಸಂಘ ಹುಟ್ಟಿತು. ಹತ್ತಿ ಮಿಲ್ಲಿನ ಮಷಿನ್ನಿಗೆ ಬಲಗೈ ಕೊಟ್ಟಿದ್ದ ಒಬ್ಬ ಹಿರಿಯರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಕಚೇರಿಗಳ ಮೆಟ್ಟಿಲು ಹತ್ತಲು ಬರುತ್ತಿದ್ದುದು ನಮ್ಮಲ್ಲಿ ಅವರೊಬ್ಬರಿಗೇ, ಆ ಹುದ್ದೆಗೆ ಇದ್ದ ಅರ್ಹತೆ ಅಷ್ಟೇ. ಬರೆಯಲು ಕೈ ಇದ್ದುದರಿಂದ ನಾನು ಕಾರ್ಯದರ್ಶಿ. ನಾನು ಬರೆದದ್ದನ್ನು ಅವರು ಹೊತ್ತು ಹತ್ತುತ್ತಿದ್ದರು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತೇವೆ ಎಂದು ಚಾಚಾ ನಗುತ್ತಿದ್ದರು.

ಸಂಘ ಅಂದ ಮೇಲೆ ಸಭೆ ನಡೆಯಬೇಕಲ್ಲ. ವಾಚನಾಲಯಕ್ಕೆ ಮೆಟ್ಟಿಲು, ಪಂಚಾಯತಿಗೆ ಮೆಟ್ಟಿಲು, ಸಾಲಿಗೆ ಮೆಟ್ಟಿಲು. ದೇವಸ್ಥಾನದ ಮಾತಂತೂ ಬೇಡ, ದೇವರು ಮೊದಲಿನಿಂದಲೂ ಎತ್ತರದಲ್ಲೇ ಇರುವವನು. ಊರೆಲ್ಲ ಸುತ್ತಿದ ಮೇಲೆ ನಮಗೆಲ್ಲ ಒಳಗೆ ಹೋಗಲು ಬರುವ ಸರ್ಕಾರಿ ಕಟ್ಟಡ ಒಂದೇ ಒಂದು ಸಿಕ್ಕಿತು, ದನದ ದವಾಖಾನೆ. ಅದಕ್ಕೆ ಮಾತ್ರ ಬೀದಿಯಿಂದ ಮೇಜಿನವರೆಗೆ ಚಂದದ ಇಳಿಜಾರು. ಅಲ್ಲಿನ ಡಾಕ್ಟರು ಒಳ್ಳೆಯವರು. "ಸಂಜೀಗಿ ದನ ಬರಂಗಿಲ್ಲ, ನೀವು ಬರ್ರಿ" ಅಂದರು. ಒಂದು ಕಡೆ ಚಿಕಿತ್ಸೆಗೆ ಕಟ್ಟಿದ್ದ ಕರು, ಇನ್ನೊಂದು ಕಡೆ ನಾವು, ನಡುವೆ ಅಜೆಂಡಾ. ಊರವರು ನಮಗೆ ದನದ ದವಾಖಾನಿ ಸಂಘ ಎಂದು ಹೆಸರಿಟ್ಟರು. ಚಾಚಾಗೆ ಬೇಜಾರಾಗಲಿಲ್ಲ. "ಮನಸ್ಯಾರ ದವಾಖಾನಿಗಿಂತ ಇದು ಚಲೋ ಅದ. ಇಲ್ಲಿ ಪೇಷಂಟ್ ಮಾತಾಡಂಗಿಲ್ಲಂತ ಡಾಕ್ಟರೇ ನಿಗಾ ಇಟ್ಟು ನೋಡ್ತಾರ" ಅನ್ನುತ್ತಿದ್ದರು.

ಎಂಬತ್ತೊಂದರಲ್ಲಿ ಇಡೀ ಜಗತ್ತೇ ಅಂಗವಿಕಲರ ವರ್ಷ ಆಚರಿಸುತ್ತಿದೆ ಎಂಬ ಸುದ್ದಿ ಬಂತು. ಜಗತ್ತಿಗೆ ಬಂದದ್ದು ರಾಯಚೂರಿಗೂ ಬರಲೇಬೇಕು. ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ, ಬ್ಯಾನರು, ಬ್ಯಾಂಡು. ನನಗೆ ಜನತಾ ಮನೆ ಮಂಜೂರಾಗಿದೆ, ಅದರ ಆದೇಶ ಪತ್ರವನ್ನು ವೇದಿಕೆಯಲ್ಲಿ ಕೊಡುತ್ತಾರೆ ಎಂದು ಕರೆಸಿದ್ದರು. ವೇದಿಕೆಗೆ ಎಂದಿನಂತೆ ಮೆಟ್ಟಿಲು. ಹೆಸರು ಕರೆದ ಕೂಡಲೇ ಬಿಳಿ ಅಂಗಿಯ ನಾಲ್ವರು ಸ್ವಯಂಸೇವಕರು ತೋಳೇರಿಸಿ ಬಂದರು, ಕ್ಯಾಮರಾದವನು ಜಾಗ ನೋಡಿಕೊಂಡ.

"ಎತ್ತಬ್ಯಾಡ್ರಿ," ಅಂದೆ. "ಸಾಹೇಬ್ರ ಕಾಲು ಸರಿ ಅದಾವಲ್ಲ. ಅವರೇ ಇಳದು ಬರಲಿ."

ಸಭೆಯಲ್ಲಿ ಗುಜುಗುಜು ಶುರುವಾಯಿತು. ಉಪಕಾರ ಮಾಡಿಸಿಕೊಳ್ಳುವವಳಿಗೆ ಇಷ್ಟು ಸೊಕ್ಕೆ ಎಂದು ಹಿಂದಿನಿಂದ ಯಾರೋ ಅಂದರು. ಮುಖ್ಯ ಅತಿಥಿಗಳು ಇಳಿಯಲಿಲ್ಲ. ಅವರು ಇಳಿಯುವ ಪದ್ಧತಿ ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ. ಕೊನೆಗೆ ನನ್ನ ಪರವಾಗಿ ಆ ನಾಲ್ವರಲ್ಲೇ ಒಬ್ಬ ಗಟ್ಟಿಮುಟ್ಟಾದ ಸ್ವಯಂಸೇವಕ ಪತ್ರ ಇಸಿದುಕೊಂಡ, ಹಾರವನ್ನೂ ಹಾಕಿಸಿಕೊಂಡ. ಮರುದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಕೆಳಗೆ 'ಅಂಗವಿಕಲನಿಗೆ ಮನೆ' ಎಂದು ಬರೆದಿತ್ತು. ಫೋಟೋದಲ್ಲಿ ಅವನ ಮುಖದ ದುಃಖ ನೋಡಿದರೆ ನನಗೇ ಅಯ್ಯೋ ಅನಿಸಿತು.

ಮನೆ ಮಾನ್ವಿಯ ಹೊರಗೆ, ನೀರಮಾನ್ವಿ ದಾರಿಯ ಕಡೆ. ಎರೆ ಭೂಮಿ, ಮಳೆ ಬಂದರೆ ನೀರು ನಿಲ್ಲುತ್ತದೆ ಎಂದು ಎಲ್ಲ ಮನೆಗಳಿಗೂ ಸೊಂಟದೆತ್ತರದ ಅಡಿಪಾಯ. ಹತ್ತಲು ಕಡಿದಾದ ಮೆಟ್ಟಿಲು. ಸಣ್ಣವ್ವನ ಜೊತೆ ಟಾಂಗಾದಲ್ಲಿ ಹೋಗಿ ನೋಡಿದೆ. ಕೆಳಗೆ ಕೂತು ನನ್ನದೇ ಮನೆಯನ್ನು ಕತ್ತೆತ್ತಿ ನೋಡುತ್ತ ಮೆಟ್ಟಿಲು ಎಣಿಸಿದೆ. ನಡೆಯಲು ಬಾರದವಳು ಎಂಬ ಕಾರಣಕ್ಕೆ ಕೊಟ್ಟ ಮನೆ, ನಡೆಯಲು ಬರುವವರಿಗೆ ಮಾತ್ರ ಸಿಗುವಂತಿತ್ತು.

ಈ ಮೆಟ್ಟಿಲು ತೆಗೆಸಬೇಕೆಂದು ಕೇಳಲು ತಾಲೂಕು ಕಚೇರಿಗೆ ಹೋದೆ. ಅಲ್ಲಿಯೂ ಮೆಟ್ಟಿಲು. ಚಾಚಾ ಅಂದು ಊರಲ್ಲಿರಲಿಲ್ಲ. ಅಂಗಳದಲ್ಲಿ ಕೂತು ಮೇಲಿನ ಕಿಟಕಿಯ ಹತ್ತಿರ ಕಾಣುತ್ತಿದ್ದ ಗುಮಾಸ್ತರನ್ನು ಕೂಗಿದೆ. ಜವಾನ ಬಂದು, "ಎತ್ತಲೇನಬೇ?" ಅಂದ.

"ಎತ್ತು ಬ್ಯಾಡ ಮಾರಾಯ. ಸಾಹೇಬ್ರಿಗಿ ಹೇಳು, ಮನೀದು ಕೆಲಸ ಅದ ಅಂತ."

ನಾನು ಬೇಡ ಅಂದದ್ದು ನನ್ನನ್ನು ಎತ್ತುವುದನ್ನು. ಆದರೆ ಆಗ ಆ ಕಚೇರಿಯಲ್ಲಿ ಬಡವರಿಗೆ ಎತ್ತು, ಎಮ್ಮೆ ಹಂಚುವ ಯೋಜನೆಯ ಗದ್ದಲ. ಗುಮಾಸ್ತರಿಗೆ ಬೆಳಗಿನಿಂದ ಕಿವಿಯಲ್ಲಿ ದನಗಳೇ ತುಂಬಿದ್ದವು. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು:

"ಎತ್ತು ಬ್ಯಾಡಂದ್ರ ಎಮ್ಮಿ ಬರೀಲೇನವ್ವಾ?"

"ಎಮ್ಮಿ ತಗೊಂಡು ಏನ್ ಮಾಡ್ಲಿ? ನನಗ ಎತ್ತೋದು ಬ್ಯಾಡ್ರಿ, ಮನಿ ಒಳಗ ಹೋಗಬೇಕ್ರಿ."

"ಎಮ್ಮಿ ಮನಿ ಒಳಗ ಕಟ್ಟಬೇಕಂತ ಇದ್ರ ಅದನೂ ಬರೀತೀನಿ. ನೀ ಹೋಗವ್ವಾ, ಬಿಸಲಾಗ ಕುಂದ್ರಬ್ಯಾಡ."

ಎಷ್ಟು ಕೂಗಿದರೂ ತಲೆ ಮತ್ತೆ ಹೊರಬರಲಿಲ್ಲ. ಮನೆಯ ಪಟ್ಟಿಯಿಂದ ಅವರಿಗೆ ನನ್ನ ಹೆಸರು ಗೊತ್ತಿತ್ತು. ಹೀಗೆ ಸರ್ಕಾರದ ಕಡತದಲ್ಲಿ ನಾನು 'ಎತ್ತು ಬೇಡ, ಎಮ್ಮೆ ಬೇಕು' ಎಂದ ಫಲಾನುಭವಿ ಆದೆ. ಆ ಎಮ್ಮೆಯನ್ನು ನಾನು ಎಂದೂ ನೋಡಲಿಲ್ಲ. ನನ್ನ ಹೆಸರಿನಲ್ಲಿ ಅದು ಯಾರ ಮನೆಯಲ್ಲಿ ಹಾಲು ಕರೆಯಿತೋ, ಅವರು ಚೆನ್ನಾಗಿರಲಿ.

ಮುಂದಿನ ವಾರ ಇಂಜಿನಿಯರ್ ಸಾಹೇಬರು ಕಾಲೊನಿ ನೋಡಲು ಬಂದಾಗ ಚಾಚಾ ಮತ್ತು ನಾನು ಅವರನ್ನು ಹಿಡಿದೆವು. ಕೆಟ್ಟ ಮನುಷ್ಯರಲ್ಲ, ಆದರೆ ಕಾಯಿದೆಯ ಮನುಷ್ಯರು. ಪ್ಲಾನು ಬೆಂಗಳೂರಿನಿಂದ ಬರುತ್ತದೆ, ಮನುಷ್ಯರ ಮನೆಗೆ ಮೆಟ್ಟಿಲೇ ಇರಬೇಕು, ಇಳಿಜಾರು ಕಟ್ಟಿದರೆ ಆ ಖರ್ಚನ್ನು ಯಾವ ಬಾಬತ್ತಿಗೆ ಹಾಕಲಿ ಅಂದರು.

"ದನದ ದವಾಖಾನಿಗಿ ಹ್ಯಾಂಗ ಹಾಕೀರಿ?" ಎಂದು ಚಾಚಾ ಕೇಳಿದರು.

"ಅದು ದನಕ್ಕ. ದನ ಮೆಟ್ಲ ಹತ್ತಂಗಿಲ್ಲಲ್ಲ."

"ಈಕೀನೂ ಹತ್ತಂಗಿಲ್ಲ."

"ಖರೆ. ಆದ್ರ ಈಕಿ ದನ ಅಲ್ಲಲ್ಲ," ಎಂದರು ಇಂಜಿನಿಯರರು, ಬಹಳ ಮರ್ಯಾದೆಯಿಂದ. ಆಮೇಲೆ ತಾಲೂಕು ಕಚೇರಿಯಿಂದ ತಂದಿದ್ದ ನನ್ನ ಕಡತ ತಿರುವಿ ಹಾಕುತ್ತಿದ್ದವರು ಒಂದು ಹಾಳೆಯ ಮೇಲೆ ಬೆರಳಿಟ್ಟರು. ಅವರ ಮುಖ ಬೆಳಗಿತು. "ತಡೀರಿ. ಎಮ್ಮಿ ಅದ ಅಂತ ಬರದಾರಲ್ಲ? ಮನಿ ಒಳಗ ಕಟ್ಟತೀನಿ ಅಂತನೂ ಅದ. ಎಮ್ಮಿ ಹೆಸರಲೆ ಆದ್ರ ಇಳಿಜಾರು ಕೊಡಬಹುದು. ಹೊಸ್ತಿಲನೂ ತಗಿಬಹುದು."

ಚಾಚಾ ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು. ಮನುಷ್ಯಳೆಂದು ಕೇಳಿದರೆ ಸಿಗದ್ದು ಎಮ್ಮೆಯ ಹೆಸರಿನಲ್ಲಿ ಸಿಗುತ್ತದಲ್ಲ! ಬೇಡ, ಮನುಷ್ಯರ ಹೆಸರಿನಲ್ಲೇ ಕೊಡಿ ಎಂದು ಹಟ ಹಿಡಿಯಬಹುದಿತ್ತು. ಹಟ ಹಿಡಿದು ಇನ್ನೆಷ್ಟು ವರ್ಷ ಕಂಡವರ ಕೈಯಲ್ಲಿ ಎತ್ತಿಸಿಕೊಳ್ಳಲಿ? "ಎಮ್ಮಿ ಅಂತನೇ ಬರೀರಿ," ಅಂದೆ.

ಇವತ್ತು ಕಾಲ ಬದಲಾಗಿದೆ ಅನ್ನುತ್ತಾರೆ. ಬದಲಾಗಿದೆ, ಇಲ್ಲ ಅನ್ನುವುದಿಲ್ಲ. ಊರಲ್ಲಿ ನಾನು ಹೆಳವಿ, ಸಾಲಿಯಲ್ಲಿ ಕುಂಟಿ, ಸಂಘದಲ್ಲಿ ಅಂಗವಿಕಲೆ, ಆಮೇಲೆ ವಿಕಲಚೇತನ, ಈಗ ವಿಶೇಷಚೇತನ. ಕೂತಲ್ಲೇ ಕೂತು ಇಷ್ಟು ಬಡ್ತಿ ಪಡೆದವರು ಸರ್ಕಾರಿ ನೌಕರಿಯಲ್ಲೂ ಇರಲಿಕ್ಕಿಲ್ಲ. ಎಲ್ಲ ಕಚೇರಿಗಳಿಗೂ ರ್‍ಯಾಂಪ್ ಬಂದಿದೆ, ಅದರ ಮೇಲೆ ಯಾರದಾದರೂ ಮೋಟರ್ ಸೈಕಲ್ ನಿಂತಿರುತ್ತದೆ. ಹೊಸ ಹುಡುಗ ಹುಡುಗಿಯರು ಕಾನೂನು ಓದಿಕೊಂಡು ಬಂದು ಗಟ್ಟಿಯಾಗಿ ಜಗಳ ಮಾಡುತ್ತಾರೆ. ಅದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ನಿಮ್ಮ ಕಾಲದಲ್ಲಿ ಹೋರಾಟ ಹೇಗೆ ಶುರುವಾಯಿತು ಎಂದು ಕೇಳಿದರೆ ದನದ ದವಾಖಾನೆಯಲ್ಲಿ ಅನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಆಗಿನ ಮಾತಿಗೇ ಮರಳುತ್ತೇನೆ. ಇಳಿಜಾರು ಕಟ್ಟಿ ಮುಗಿಯಿತು. ಬಾಗಿಲ ಚಿಲಕವನ್ನು ಬಡಿಗನಿಗೆ ಹೇಳಿ ನನ್ನ ಕೈಗೆ ಎಟುಕುವಂತೆ ಕೆಳಗೆ ಹಾಕಿಸಿದೆ. ಕೊನೆಯ ತಪಾಸಣೆಗೆ ಇಂಜಿನಿಯರರು ಬರುವ ದಿನ ಅಪ್ಪನೂ ಗಬ್ಬೂರಿನಿಂದ ಬಂದ. ಅವನ ಬೆನ್ನು ಬಾಗಿತ್ತು, ಆದರೂ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡಕೂಡಲೇ ಕೈ ಚಾಚಿದ್ದ. ಎಮ್ಮೆಯ ಹೆಸರಿನ ಇಳಿಜಾರಾದ್ದರಿಂದ ತಪಾಸಣೆಗೆ ಎಮ್ಮೆ ಬೇಕು. ಚಾಚಾ ಪಕ್ಕದ ಓಣಿಯಿಂದ ಒಂದನ್ನು ಕೇಳಿ ಹೊಡೆದುಕೊಂಡು ಬಂದರು. ಕಾಲೊನಿಯೆಲ್ಲ ಸೇರಿತು. ಮದುವೆಗೂ ಅಷ್ಟು ಜನ ಸೇರುತ್ತಿರಲಿಲ್ಲ.

ಎಮ್ಮೆ ಇಳಿಜಾರಿನ ಬುಡಕ್ಕೆ ಬಂದು ಹೊಸ ಸಿಮೆಂಟನ್ನು ಮೂಸಿತು. ಆಮೇಲೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಹಗ್ಗ ಜಗ್ಗಿದರು, ಹಿಂದಿನಿಂದ ದಬ್ಬಿದರು, ಬಾಲ ತಿರುವಿದರು. ಹಿಂಡಿ ತೋರಿಸಿದರೆ ಕತ್ತು ಉದ್ದ ಮಾಡಿ ಹಿಂಡಿ ತಿಂದಿತೇ ಹೊರತು ಗೊರಸು ಎತ್ತಲಿಲ್ಲ. ಕೋಣನ ಮುಂದೆ ಕಿನ್ನರಿ ಅನ್ನುತ್ತಾರೆ, ಎಮ್ಮೆಯೂ ಅದಕ್ಕಿಂತ ಕಡಿಮೆಯಲ್ಲ.

ಇಂಜಿನಿಯರರು ಗಡಿಯಾರ ನೋಡಿಕೊಂಡರು. "ಎಮ್ಮಿ ಏರಲಿಲ್ಲಂದ್ರ ಇಳಿಜಾರು ಬರೋಬರಿ ಇಲ್ಲಂತ ಬರೀಬೇಕಾಗತದ. ಮ್ಯಾಲಿನವ್ರು ಒಡಸಿ ಮೆಟ್ಲ ಹಾಕಸ್ರಿ ಅಂತಾರ. ನನ್ನ ಕೈಯಾಗ ಏನಿಲ್ಲ ನೋಡ್ರಿ."

ಆ ಎಮ್ಮೆಯ ಮೊಂಡುತನಕ್ಕೆ ನನ್ನ ಮನೆ ಹೋಗುವುದರಲ್ಲಿತ್ತು. ತೆವಳುವಾಗ ಅಂಗೈಗೆ ಕಟ್ಟಿಕೊಳ್ಳುತ್ತಿದ್ದ ಟೈರಿನ ತುಂಡುಗಳನ್ನು ಬಿಗಿದುಕೊಂಡೆ.

"ಎಮ್ಮೀನ ಆಕಡಿ ಕಟ್ರಿ," ಅಂದೆ. "ಎಮ್ಮಿ ಬದಲಿ ನಾ ಏರ್ತೀನಿ. ನೋಡಿ ಬರ್ಕೋರಿ."

ಯಾರೋ ನಕ್ಕರು. ಅಪ್ಪ ಓಡಿ ಬಂದು ಬಗ್ಗಿದ. "ತಡಿಯವ್ವಾ, ನಾ ಎತ್ತತೀನಿ."

"ಬ್ಯಾಡಪಾ. ನೀ ಎತ್ತಿದ್ರ ಇಳಿಜಾರು ಫೇಲ್ ಆಗತದ."

ಬಗ್ಗಿದವನು ಹಾಗೇ ನಿಂತ. ನಾನು ಏರತೊಡಗಿದೆ. ಸಿಮೆಂಟು ಕಾದಿತ್ತು, ಧೂಳು ಟೈರಿನ ಕೆಳಗೆ ಸರಕ್ ಸರಕ್ ಅನ್ನುತ್ತಿತ್ತು. ಗಬ್ಬೂರಿನಲ್ಲಿ ಓಡಾಡಿ ಬೆಳೆದ ತೋಳು ನನ್ನವು, ಆದರೂ ನಡುವೆ ಒಮ್ಮೆ ನಿಂತು ಉಸಿರು ಸುಧಾರಿಸಿಕೊಳ್ಳಬೇಕಾಯಿತು. ಮತ್ತೆ ಕೈ ಊರಿದೆ. ಬಾಗಿಲು ಬಂತು, ಎಡವಲು ಅಲ್ಲಿ ಏನೂ ಇರಲಿಲ್ಲ. ಒಳಗಿನ ಹಾಸುಗಲ್ಲು ಬಲವಿಲ್ಲದ ನನ್ನ ಕಾಲಿಗೂ ತಣ್ಣಗೆ ತಾಕಿತು.

ತಿರುಗಿ ನೋಡಿದೆ. ನಾನು ಮೇಲೆ ಕೂತಿದ್ದೆ, ಜನ ಕೆಳಗೆ ನಿಂತಿದ್ದರು. ಇಂಜಿನಿಯರರು ಬರೆದುಕೊಂಡು, "ಪಾಸ್ ಅದ. ದನಕ್ಕ ಯೋಗ್ಯ ಅದ ಅಂತ ಬರದೀನಿ," ಎಂದು ಕೂಗಿ ಹೇಳಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಮಾನ ಎಷ್ಟು, ಸಂತೋಷ ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ.

ಅಷ್ಟರಲ್ಲಿ ಜನರೆಲ್ಲ ಮೇಲೆ ನುಗ್ಗತೊಡಗಿದರು. ಆಕೆಯನ್ನು ಎತ್ತಿ ನಡುವೆ ಕೂರಿಸಿ, ಆರತಿ ಮಾಡೋಣ ಎಂದು ಯಾವನೋ ಧರ್ಮವಂತ ಆಗಲೇ ತೋಳೇರಿಸಿದ್ದ. ನಾನು ಬಾಗಿಲು ದೂಡಿ ಚಿಲಕ ಹಾಕಿಕೊಂಡೆ.

ಹೊರಗೆ ಸ್ವಲ್ಪ ಹೊತ್ತು ಗದ್ದಲವಾಯಿತು. ಸೊಕ್ಕು ನೋಡು ಅಂದರು, ಎಮ್ಮೆಯವರು ಎಮ್ಮೆ ಹೊಡೆದುಕೊಂಡು ಹೋದರು, ಒಬ್ಬೊಬ್ಬರೇ ಚದುರಿದರು. ಬಾಗಿಲಿಗೆ ಬೆರಳಿನಿಂದ ಬಡಿದ ಸದ್ದು ಕೇಳಿತು.

"ಒಬ್ಬಾಕಿ ಒಳಗ ಏನ್ ಮಾಡಾಕತ್ತೀಬೇ?" ಅಪ್ಪನ ದನಿ.

"ಏನಿಲ್ಲಪಾ. ಸುಮ್ನ ಕುಂತೀನಿ."

"ಬಾಗಿಲ ತಗಿ."

"ಸ್ವಲ್ಪ ತಡಿ."

ಅವನು ಇಳಿಜಾರಿನ ಮೇಲೆ ಕೂತು ಬೀಡಿ ಹಚ್ಚಿದ, ವಾಸನೆ ಒಳಗೆ ಬಂತು. ಆ ಖಾಲಿ ಕೋಣೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಮೂಲೆ ಮೂಲೆಗೆ ತೆವಳಿಕೊಂಡು ಹೋಗಿ, ಕೈ ಆಡಿಸಿ, ಸಾಕೆನಿಸುವವರೆಗೆ ಒಬ್ಬಳೇ ಇದ್ದೆ. ಆಮೇಲೆ ಚಿಲಕ ತೆಗೆದೆ. ಅಪ್ಪ ಬೀಡಿ ಆರಿಸಿ ಎದ್ದು ಬಂದ. ಒಳಗೆ ಕಾಲಿಡಲು ಹೋದವನು ಯಾಕೋ ಬಾಗಿಲಲ್ಲೇ ನಿಂತ. ಹುಟ್ಟಿದಾಗಿನಿಂದ ಕೇಳದೆ ನನ್ನನ್ನು ಎತ್ತಿಕೊಂಡು ಬಂದವನು ಚೌಕಟ್ಟು ಹಿಡಿದುಕೊಂಡು ಕೇಳಿದ:

"ಒಳಗ ಬರಲೇನವ್ವಾ?"

"ಬಾರಪಾ," ಅಂದೆ.